ಹರಕೆಯ ಕರ್ಚೀಫು

ನೆನೆಹಾಕಿದ ಅವರೆಕಾಳು ಹಿದುಕುವಾಗ ಹೆಂಗಸರಿಗೆ ಕೈ ಇರುವುದಿಲ್ಲ. ಇರುತ್ತದೆ, ಆದರೆ ಲೋಳೆ ಲೋಳೆಯಾಗಿ, ಸಿಪ್ಪೆ ಮೆತ್ತಿಕೊಂಡು, ಮೂಗು ನವೆಯಾದರೂ ಮೊಣಕೈಯಲ್ಲಿ ಉಜ್ಜಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಸಂಕ್ರಾಂತಿ ಕಳೆದ ವಾರ. ರಾತ್ರಿಯ ಸಾರಿಗೆಂದು ಅರಸೀಕೆರೆಯ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನಾನೂ ನಮ್ಮತ್ತೆಯೂ ಎದುರುಬದುರು ಕೂತು ಹಿದುಕುತ್ತಿದ್ದೆವು. ಅತ್ತೆ ಒತ್ತಿದ ಬೇಳೆ ಹೇಳಿ ಕಳಿಸಿದ ಹಾಗೆ ಪಾತ್ರೆಗೇ ಬೀಳುತ್ತದೆ. ನನ್ನದು ಅವರ ಕನ್ನಡಕಕ್ಕೆ ಹಾರುತ್ತದೆ.

ಆಗ ಒಳಗೆ ಮೊಬೈಲು ಟಿಣ್ ಎಂದಿತು. ಮತ್ತೆ ಟಿಣ್. ಒಟ್ಟು ನಾಲ್ಕು ಸಲ.

"ನಿನ್ ತಂಗೀದೇ ಇರ್ಬೇಕು. ಎದ್ದು ನೋಡು ರತ್ನಿ," ಎಂದರು ಅತ್ತೆ.

"ಇರ್ಲಿ ಬಿಡಿ ಅತ್ತೆ. ಇನ್ನೇನಿರ್ತದೆ, ಬಸ್ಸಿನ ಪುರಾಣ."

ನನ್ನ ಮಾತಿನಲ್ಲಿದ್ದ ಹುಳಿ ಅತ್ತೆಗೂ ತಟ್ಟಿರಬೇಕು, ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಆದರೆ ಆ ಹೊತ್ತಿಗೆ ಬರುವುದು ನಿಜಕ್ಕೂ ಬಸ್ಸಿನ ಪುರಾಣವೇ. ನಮ್ಮಲ್ಲಿ ಹನ್ನೆರಡೂವರೆ ಆದರೆ ಜಪಾನಿನಲ್ಲಿ ನಾಲ್ಕು ಗಂಟೆ. ನನ್ನ ತಂಗಿ ಸುಮ ಶಾಲೆ ಮುಗಿಸಿ ಬಸ್‌ಸ್ಟಾಪಿನಲ್ಲಿ ನಿಲ್ಲುವ ಸಮಯ. ಅಲ್ಲಿ ಬಸ್ಸಿನೊಳಗೆ ಫೋನಿನಲ್ಲಿ ಮಾತಾಡುವುದು ಮರ್ಯಾದೆಯಲ್ಲವಂತೆ. ಆದ್ದರಿಂದ ಬಸ್ಸು ಬರುವುದರೊಳಗೆ ಎಲ್ಲವನ್ನೂ ಹೇಳಿ ರೆಕಾರ್ಡು ಮಾಡಿ ಕಳಿಸುತ್ತಾಳೆ. ಇಲ್ಲಿ ನಮ್ಮ ಬಸ್ಸುಗಳಲ್ಲಿ ಜನ ಆಸ್ತಿಭಾಗವನ್ನೇ ಫೋನಿನಲ್ಲಿ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಇರಲಿ.

ಸುಮ ಹಾಸನದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದವಳು. ಮೂರು ವರ್ಷದ ಹಿಂದೆ ಅರ್ಜಿ ಹಾಕಿ, ಜಪಾನಿನ ಗುಡ್ಡಗಳ ನಡುವಿನ ಒಂದು ಸಣ್ಣ ಊರಿಗೆ ಹೋದಳು. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ಕೆಲಸ. ಒಂದೊಂದು ಶಾಲೆಯಲ್ಲಿ ಬೆರಳೆಣಿಕೆ ಮಕ್ಕಳಾದ್ದರಿಂದ ವಾರಕ್ಕೆ ನಾಲ್ಕು ಶಾಲೆ, ನಾಲ್ಕು ದಿಕ್ಕು. ಎಲ್ಲಕ್ಕೂ ಬಸ್ಸೇ. ಮದುವೆಯಾಗಲಿಲ್ಲ ಎಂದು ನೆಂಟರೆಲ್ಲ ಅವಳನ್ನು "ಅಯ್ಯೋ ಪಾಪ" ಎನ್ನುತ್ತಾರೆ. ನಾನೂ ಅವರ ಜೊತೆ ಸೇರಿ ತಲೆ ಆಡಿಸುತ್ತೇನೆ. ಆದರೆ ದೇವರ ಮುಂದೆ ದೀಪ ಹಚ್ಚುವ ಕೈಯಿಂದ ಸುಳ್ಳು ಬರೆಯಬಾರದು: ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಅವಳ ಸಂಬಳಕ್ಕಲ್ಲ, ಜಪಾನಿಗೂ ಅಲ್ಲ. ಅವಳು ಕೂರುವ ಕಿಟಕಿ ಪಕ್ಕದ ಸೀಟಿಗೆ.

ನಗಬೇಡಿ. ನಮ್ಮ ಯಜಮಾನರು ಹಿಟ್ಟಿನ ಗಿರಣಿ ಇಟ್ಟವರು. ಒಳ್ಳೆಯವರು, ಕುಡಿಯುವುದಿಲ್ಲ, ಸೇದುವುದಿಲ್ಲ, ಮನೆಗೆ ಬಂದರೆ ರಾಗಿಹಿಟ್ಟಿನ ಘಮ ಬರುತ್ತದೆ. ಅವರಿಗೆ ಒಂದು ಸ್ಕೂಟರಿದೆ. ನಾನು ಎಲ್ಲಿಗೆ ಹೊರಟರೂ "ಗಾಡಿ ಇಲ್ವೇನೇ? ಬಸ್ಸಿಗೆ ಕಾಯೋ ಕರ್ಮ ಯಾಕೆ?" ಎಂದು ಕಿಕ್ ಹೊಡೆಯುತ್ತಾರೆ. ಗಂಡಸಿಯ ನೆಂಟರ ಮದುವೆಗೆ ಗಾಡಿ. ತವರುಮನೆ ಹಳೇಬೀಡಿಗೆ, ಬಾಣಾವರ ಜಾವಗಲ್ ದಾಟಿ ಅಷ್ಟು ದೂರ, ಗಾಡಿ. ಹೀಗಾಗಿ ಹದಿನೆಂಟು ವರ್ಷದಲ್ಲಿ ನಾನು ಕಂಡ ಪ್ರಪಂಚವೆಂದರೆ ಅವರ ಬೆನ್ನು. ನೀಲಿ ಗೆರೆ ಶರಟಿನ ಹೊಲಿಗೆ ಎಡಭುಜದ ಹತ್ತಿರ ವಾರೆಯಾಗಿರುವುದನ್ನು ಅದನ್ನು ಹೊಲಿದ ದರ್ಜಿಯೂ ನನ್ನಷ್ಟು ನೋಡಿರಲಾರ. ಹೆಂಗಸರಿಗೆ ಬಸ್ಸು ಫ್ರೀ ಆದ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಆಧಾರ್ ಕಾರ್ಡನ್ನು ಬ್ಲೌಸಿನೊಳಗಿನ ಪರ್ಸಿಗೆ ಸೇರಿಸಿ ಧರ್ಮಸ್ಥಳ, ಶೃಂಗೇರಿ ಎಂದು ಹೊರಟುಬಿಟ್ಟರು. ನಾನು ಆ ಸೊನ್ನೆ ರೂಪಾಯಿ ಟಿಕೇಟನ್ನು ಕಂಡದ್ದು ಪಕ್ಕದ ಮನೆಯವರು ತೋರಿಸಿದಾಗ.

ಈ ಕಿಚ್ಚಿಗೆ ಬೇರು ಇಲ್ಲಿಲ್ಲ, ಹಳೇಬೀಡಿನಲ್ಲಿದೆ. ನಮ್ಮಪ್ಪನದು ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ಶಾಪು. ದೇಶವಿದೇಶದವರು ನಮ್ಮೂರ ಗುಡಿ ನೋಡಲು ಬಂದಿಳಿಯುವ ಹೊತ್ತಿಗೆ ನಾವಿಬ್ಬರು ಅಕ್ಕತಂಗಿಯರು ಬೇಲೂರಿನ ಕಾಲೇಜಿಗೆ ಬಸ್ಸು ಹತ್ತಲು ಒದ್ದಾಡುತ್ತಿದ್ದೆವು. ನಾನು ಬಿ.ಎ. ಕೊನೇ ವರ್ಷ, ಅವಳು ಪಿಯುಸಿ. ಜಾವಗಲ್ ಕಡೆಯಿಂದ ಬರುವ ಆ ಬಸ್ಸು ಬರುವಾಗಲೇ ಬಸುರಿಯ ಹಾಗೆ ತುಂಬಿಕೊಂಡು ಬರುತ್ತಿತ್ತು. ಹಳೇಬೀಡಿನಲ್ಲಿ ಐದಾರು ಜನ ಇಳಿಯುತ್ತಿದ್ದರು, ಹತ್ತುವವರು ಐವತ್ತು ಜನ. ಬಾಗಿಲಿನಿಂದ ಹತ್ತಿ ಸೀಟು ಹಿಡಿದವರನ್ನು ನಾನು ಕಂಡಿಲ್ಲ. ಸೀಟು ಹಿಡಿಯಬೇಕಾದರೆ ಕಿಟಕಿಯಿಂದ ಕರ್ಚೀಫು ಹಾಕಬೇಕು.

ಅದು ಕಾನೂನು. ಕರ್ಚೀಫು ಬಿದ್ದ ಸೀಟು ಹಾಕಿದವರದು. ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಕುಡಿದು ಹತ್ತಿದವನೂ ಮೀರುತ್ತಿರಲಿಲ್ಲ. ಕಷ್ಟವೆಂದರೆ ಕರ್ಚೀಫು ಹಗುರ; ಗಾಳಿಗೆ ಪಕ್ಕದ ಸೀಟಿಗೆ ಹಾರಿದರೆ ಪಕ್ಕದವರ ಪಾಲು. ಅದಕ್ಕೆ ಉಪಾಯ ಕಂಡುಹಿಡಿದವಳು ನಾನು. ಕರ್ಚೀಫಿನ ಮೂಲೆಗೆ ನಾಲ್ಕು ಹುಣಸೆಬೀಜ ಕಟ್ಟಿ ಗಂಟು ಹಾಕುತ್ತಿದ್ದೆ. ಓಡುವ ಬಸ್ಸಿನ ಜೊತೆ ಓಡುತ್ತ, ಗಂಟನ್ನು ಬೀಸಿ ಎಸೆದರೆ ಕಂಬಿಗಳ ನಡುವೆ ತೂರಿ, ನಾನು ನೋಡಿಟ್ಟ ಸೀಟಿನ ನಡುಮಧ್ಯೆ ತಪ್ಪದೆ ಬೀಳುತ್ತಿತ್ತು. ಕಾಲೇಜಿನಲ್ಲಿ ನನಗೆ ಯಾವ ಬಹುಮಾನವೂ ಬಂದಿಲ್ಲ. ಬಸ್ಸಿನಲ್ಲಿ ಮಾತ್ರ ಕಂಡಕ್ಟರು "ಬಂದ್ಳು ನೋಡು ಬೌಲರ್ರು" ಎನ್ನುತ್ತಿದ್ದ.

ಒಂದು ಸಲ ಹಾಕಿದ ಕರ್ಚೀಫಿನ ಮೇಲೆ ಮೀಸೆ ತಿರುವಿದ ದೊಡ್ಡ ಆಳೊಬ್ಬರು ಕೂತುಬಿಟ್ಟಿದ್ದರು. ಜನರ ಸಂದಿಯಲ್ಲಿ ನುಗ್ಗಿ ಹೋಗಿ, "ಏಳ್ರೀ ಮಾವ, ನನ್ ಕರ್ಚೀಫ್ ಮೇಲೆ ಕೂತಿದೀರಲ್ಲ!" ಎಂದೆ. ಆ ಮನುಷ್ಯ ಎದ್ದು, ಹಿಂದೆ ತಡವಿ, ಗಂಟಿನ ಸಮೇತ ಎತ್ತಿಕೊಟ್ಟರು. "ತಗಳವ್ವ, ಬೆಚ್ಚಗೈತೆ. ಅದುಕ್ಕೇ ಏನೋ ಚುಚ್ತಾ ಇತ್ತು ಅಂದ್ಕಂಡೆ." ಬೇಲೂರಿನವರೆಗೂ ಬಸ್ಸಿಗೆ ಬಸ್ಸೇ ನಕ್ಕಿತು.

ಇಷ್ಟೆಲ್ಲ ಮಾಡಿ ಹಿಡಿದ ಎರಡು ಸೀಟಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವಳು ಯಾರು? ಸುಮ. ಯಾಕೆಂದರೆ ಅವಳಿಗೆ ವಾಂತಿ. ಕೈಯಲ್ಲಿ ನಿಂಬೆಹಣ್ಣು ಹಿಡಿದು, ತಲೆಯನ್ನು ಹೊರಗೆ ಹಾಕಿ, ಕೆರೆ ಏರಿ, ಹುಣಸೆಮರದ ಸಾಲು, ಹೊಲದ ಮೇಲೆ ಬಿದ್ದ ಬಿಸಿಲು ಎಲ್ಲವನ್ನೂ ಅವಳು ನೋಡುತ್ತಿದ್ದಳು. ನಾನು ನೋಡುತ್ತಿದ್ದದ್ದು ಅವಳ ಜಡೆ. ಈಗ ಬೆನ್ನು, ಆಗ ಜಡೆ. "ಅಕ್ಕ ಅಲ್ವೇನೆ ನೀನು, ಬಿಟ್ಕೊಡು" ಎಂದು ಅವ್ವ ದಿನವೂ ಹೇಳಿ ಕಳಿಸುತ್ತಿದ್ದರು. ಬಿಟ್ಟುಕೊಟ್ಟೆ. ಪರೀಕ್ಷೆಗೆ ಮುಂಚೆ ಅರಸೀಕೆರೆಯ ಗಂಡು ಬಂತು, ಬಿ.ಎ. ಅಲ್ಲಿಗೇ ನಿಂತಿತು. ಮರುವಾರದಿಂದ ಎರಡು ಸೀಟೂ ಅವಳದೇ ಆದವು.

ಬೇಲೂರು ತಲುಪುವುದರೊಳಗೆ ಎರಡು ಸಲ ವಾಂತಿ ಮಾಡಿಕೊಳ್ಳುತ್ತಿದ್ದ ಈ ಹುಡುಗಿ ಈಗ ದಿನಕ್ಕೆ ನಾಲ್ಕು ಬಸ್ಸು, ಅದೂ ಗುಡ್ಡದ ತಿರುವಿನಲ್ಲಿ! ದೇವರು ಒಬ್ಬೊಬ್ಬರಿಗೆ ಹೊಟ್ಟೆಯನ್ನು ಕೂಡ ಹೊಸದಾಗಿ ಕೊಡುತ್ತಾನೆ.

ಅವಳ ಸುದ್ದಿಗಳನ್ನು ಕೇಳಿದರೆ ನಿಮಗೂ ಗೊತ್ತಾಗುತ್ತದೆ. "ಅಕ್ಕ, ಇವತ್ತು ಬಸ್ಸಿಂದ ಹಿಮ ನೋಡ್ದೆ, ಮರ ಎಲ್ಲ ಅಕ್ಕಿಹಿಟ್ಟು ಚೆಲ್ಲಿದಂಗೆ." "ಅಕ್ಕ, ಡ್ರೈವರು ಬಿಳೀ ಗ್ಲೌಸು ಹಾಕ್ಕೊಂಡು ಮೈಕಲ್ಲಿ, ಎಡಕ್ಕೆ ತಿರುಗ್ತಾ ಇದೀನಿ, ಹಿಡ್ಕೊಳ್ಳಿ ಅಂತಾನೆ ಕಣೇ. ಇರೋದು ನಾನೂ ಇನ್ನೊಂದು ಅಜ್ಜೀನೂ." ಆ ಅಜ್ಜಿ ಚಕ್ರದ ಚೀಲ ಎಳೆದುಕೊಂಡು ಆಸ್ಪತ್ರೆಗೆ ಹೋಗುವವಳು; ಭಾಷೆ ಬಾರದ ಸುಮಳಿಗೆ ದಿನಕ್ಕೊಂದು ಕಿತ್ತಳೆ ಕೊಡುತ್ತಾಳೆ. ಕಿತ್ತಳೆಗೂ ನನಗೆ ಕಿಚ್ಚು ಬಂದಿತ್ತು ಎಂದರೆ ನೀವು ನಂಬುತ್ತೀರಾ? ಅರಸೀಕೆರೆ ಸಂತೆಯಲ್ಲಿ ಕಿತ್ತಳೆ ರಾಶಿ ಬಿದ್ದಿರುತ್ತದೆ, ತಂದು ತಿಂದೆ. ಹುಳಿ ಇತ್ತು.

ಹೋದ ಹೊಸದರಲ್ಲಿ ಅವಳು ಮಾಡಿದ ಎಡವಟ್ಟೊಂದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಸ್ಸು ಹೊರಡುವ ಸ್ಟ್ಯಾಂಡಿನಲ್ಲಿ ಹತ್ತಿ, ಊರಿನ ಅಭ್ಯಾಸದಂತೆ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿ, ನೀರು ತರಲು ಇಳಿದಿದ್ದಾಳೆ. ಬಂದು ನೋಡಿದರೆ ಕರ್ಚೀಫಿಲ್ಲ. ಇಡೀ ಬಸ್ಸು ಖಾಲಿ. ಯಾರು ಕದಿಯುತ್ತಾರೆ? ಮರುದಿನ ಡ್ರೈವರು ಅವಳನ್ನು ಕರೆದು, ಬಗ್ಗಿ ನಮಸ್ಕಾರ ಮಾಡಿ, ಒಂದು ಕವರು ಕೊಟ್ಟ. ಒಳಗೆ ಅವಳ ಕರ್ಚೀಫು, ಮಡಿಸಿ, ದಿನಾಂಕ, ಸೀಟಿನ ನಂಬರು ಬರೆದ ಚೀಟಿ ಅಂಟಿಸಿ. ಕಳೆದುಕೊಂಡ ಸಾಮಾನೆಂದು ಜೋಪಾನ ಮಾಡಿದ್ದಾನೆ! "ಅದು ಕಳೆದದ್ದಲ್ಲ, ಸೀಟು ಹಿಡಿದದ್ದು ಅಂತ ಹೇಳಕ್ಕೆ ನಂಗೆ ಆ ಭಾಷೆ ಬರ್ಲಿಲ್ಲ ಅಕ್ಕ. ಬಂದಿದ್ರೂ ನಾಚ್ಕೆ," ಎಂದು ನಕ್ಕಿದ್ದಳು. ನಾನೂ ನಕ್ಕೆ. ಆಮೇಲೆ, ನನ್ನ ವಿದ್ಯೆ ಕೂಡ ಜಪಾನು ನೋಡಿ ಬಂತು, ನಾನೊಬ್ಬಳು ಬಿಟ್ಟು, ಎಂದುಕೊಂಡೆ.

ಹೋದ ದೀಪಾವಳಿಯಲ್ಲಿ ಆ ನಾನೊಬ್ಬಳಿಗೂ ದಾರಿ ತೆರೆಯಿತು. "ಅಕ್ಕ, ಮಾರ್ಚ್ ಕೊನೇಲಿ ನಮಗೆ ರಜ. ಗುಡ್ಡ ಪೂರ್ತಿ ಹೂ ಬಿಡ್ತದೆ. ಎರಡು ವಾರ ಬಂದುಬಿಡು. ಟಿಕೇಟು ನಂದು. ಕಿಟಕಿ ಪಕ್ಕ ನಿನ್ನೇ ಕೂರಿಸ್ತೀನಿ." ನನಗೆ ಒಲೆಯ ಮೇಲಿನ ಹಾಲು ಕಾಣಲಿಲ್ಲ. ಉಕ್ಕಿತು, ಶುಭ ಎಂದೆ. ಯಜಮಾನರು ಬೇಡವೆನ್ನಲಿಲ್ಲ, ಅದೂ ದೇವರ ದಯೆ. ಪಾಸ್‌ಪೋರ್ಟ್ ಮಾಡಿಸಲು ಹಾಸನಕ್ಕೆ ಕರೆದುಕೊಂಡು ಹೋದರು, ಗಾಡಿಯಲ್ಲಿ. ಫೋಟೋ ತೆಗೆಯುವವರು ನಗಬೇಡಿ ಎಂದರು. ನನಗೆ ತಡೆಯಲಾಗಲಿಲ್ಲ, ಮೂರು ಸಲ ತೆಗೆದರು. ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದಾಗ ಬೀದಿಯೆಲ್ಲ ಬಾಗಿಲಿಗೆ ಬಂತು. "ಏನ್ ಕೇಸಮ್ಮ?" ಎಂದ ಎದುರುಮನೆಯವರಿಗೆ ಅತ್ತೆ, "ನಮ್ ಸೊಸೆ ಜಪಾನ್‌ಗೋಯ್ತಾಳೆ, ಅದೇ ಕೇಸು!" ಎಂದು ಗತ್ತಿನಿಂದ ಹೇಳಿದರು. ಆ ಪುಸ್ತಕ ಈಗ ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗಿದೆ. ದಿನವೂ ಒಮ್ಮೆ ತೆಗೆದು, ಖಾಲಿ ಹಾಳೆಗಳನ್ನು ತಿರುವಿ, ಮತ್ತೆ ಇಡುತ್ತೇನೆ. ಹುಟ್ಟಿದ ಊರು: ಹಳೇಬೀಡು ಎಂದು ಬರೆದಿದೆ. ಗುಡಿ ನೋಡಲು ಬಂದ ಅಷ್ಟೂ ಜನರಿಗೆ ಒಂದು ಸಲ ನಾವೂ ಹೋಗಿ ಲೆಕ್ಕ ತೀರಿಸಿದ ಹಾಗಾಯಿತು ಎಂದುಕೊಂಡಿದ್ದೆ.

ಇದನ್ನೆಲ್ಲ ನೆನೆಯುತ್ತ ಅರ್ಧ ಪಾತ್ರೆ ಹಿದುಕಿ ಮುಗಿದಿತ್ತು. ಕೈತೊಳೆದು, ಸೆರಗಿಗೆ ಒರೆಸಿಕೊಂಡು ಮೊಬೈಲು ತಂದು ಅತ್ತೆಗೂ ಕೇಳುವ ಹಾಗೆ ಹಾಕಿದೆ.

"ಅಕ್ಕ, ಇವತ್ತು ಹೆಡ್‌ಮಾಸ್ಟ್ರು ಕರೆದಿದ್ರು. ಮೇಲಿನ ಊರಿನ ಎರಡು ಶಾಲೆ ಮುಚ್ತಾರಂತೆ ಕಣೇ. ಮಕ್ಕಳೇ ಇಲ್ಲ ಇಲ್ಲಿ. ಒಂದರಲ್ಲಿ ಏಳು, ಒಂದರಲ್ಲಿ ನಾಲ್ಕು."

"ಅದಕ್ಕೆ ನನ್ನನ್ನ ಮುಂದಿನ ವರ್ಷಕ್ಕೆ ಬೇಡ ಅಂದ್ರು. ಮಾರ್ಚಿಗೆ ಮುಗೀತು. ಆ ಕಡೆ ಬಸ್ಸೂ ನಿಲ್ಲಿಸ್ತಾರಂತೆ."

ಮೂರನೆಯದರಲ್ಲಿ ಸ್ವಲ್ಪ ಹೊತ್ತು ಗಾಳಿಯ ಸದ್ದು. ಆಮೇಲೆ, "ಮನೇನೂ ಶಾಲೆಯವರದೇ ಅಲ್ವ, ಮಾರ್ಚ್ ಇಪ್ಪತ್ತಕ್ಕೆ ಖಾಲಿ ಮಾಡ್ಬೇಕು. ನೀನು ಬರೋದು... ಪಾಪ ಪಾಸ್‌ಪೋರ್ಟ್ ಬೇರೆ ಮಾಡಿಸ್ಬಿಟ್ಟೆ. ಬೇಜಾರ್ ಮಾಡ್ಕೋಬೇಡ ಅಕ್ಕ."

ನಾಲ್ಕನೆಯದು ಬರಿಯ ಬಸ್ಸಿನ ಸದ್ದು, ಬಾಗಿಲು ಉಸಿರು ಬಿಟ್ಟು ತೆರೆದದ್ದು, "ಬಂತು, ಇಡ್ತೀನಿ" ಎಂಬ ಮಾತು.

ಮೊದಲು ಮಾತಾಡಿದವರು ಅತ್ತೆ. ಲೋಳೆ ಕೈಗಳನ್ನೇ ಜೋಡಿಸಿ ಹಣೆಗೆ ಒತ್ತಿಕೊಂಡರು.

"ಅಯ್ಯೋ ನನ್ನಪ್ಪ ತಿಮ್ಮಪ್ಪ, ಕಣ್ ಬಿಟ್ಟೆಯಲ್ಲಪ್ಪ! ನಿನ್ ಹರಕೆ ನಡೀತು ಕಣೇ ರತ್ನಿ!"

ಯಾವ ಹರಕೆ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು.

ಶ್ರಾವಣದ ಕೊನೇ ಶನಿವಾರ ಊರ ಪಕ್ಕದ ತಿಮ್ಮಪ್ಪನ ಬೆಟ್ಟ ಮಾಲೇಕಲ್ಲು ಹತ್ತಿದ್ದೆವು. ಹಿಂದಿನ ದಿನವಷ್ಟೇ ಸುಮ ಬಸ್ಸಿನ ಕಿಟಕಿಯಿಂದ ತೆಗೆದ ಒಂದು ಚಿತ್ರ ಕಳಿಸಿದ್ದಳು: ಕೆಳಗೆ ನದಿ, ಆಚೆಗೆ ಬೆಟ್ಟದ ಮೇಲೆ ಬೆಟ್ಟ. ಮೆಟ್ಟಿಲು ಹತ್ತುವಾಗ ಕಣ್ಣೆದುರಿಗೆ ಅದೇ. ಮೇಲೆ ಹೋಗಿ ವೆಂಕಟರಮಣನ ಎದುರು ನಿಂತು ನಾನು ಬೇಡಿಕೊಂಡದ್ದು ಇದು: "ಅಪ್ಪಾ, ಆ ಹುಡುಗಿ ಒಬ್ಬಳೇ ಎಷ್ಟು ದಿನ ಪರದೇಶದಲ್ಲಿರ್ತಾಳೆ. ಸಾಕು ಮಾಡಿಸಿ ಊರಿಗೆ ಕರೆಸಪ್ಪ. ಬರಿಗಾಲಲ್ಲಿ ಇನ್ನೊಂದು ಸಲ ಹತ್ತುತೀನಿ." ಅತ್ತೆ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಂಡಿದ್ದರು, ಎಂಥ ಅಕ್ಕ ಎಂದು. ಮುಡಿಪು ಕಟ್ಟಲು ಹಳದಿ ಬಟ್ಟೆ ತಂದಿರಲಿಲ್ಲ. ಸೊಂಟದಲ್ಲಿದ್ದ ಕರ್ಚೀಫಿನ ಮೂಲೆಗೆ ನಾಣ್ಯವಿಟ್ಟು, ಅರಿಶಿನ ಸವರಿ, ಗಂಟು ಹಾಕಿದೆ. ಮನೆಗೆ ಬಂದು ದೇವರ ಫೋಟೋದ ಹಿಂದಿನ ಮೊಳೆಗೆ ತೂಗುಹಾಕಿದೆ.

ಮರೆತುಬಿಟ್ಟೆ. ದೀಪಾವಳಿಯಲ್ಲಿ ಅವಳು ಬಾ ಎಂದಾಗ ಕುಣಿದೆನೇ ಹೊರತು, ಆ ಅರ್ಜಿಯನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ದಿನವೂ ಎರಡು ಹೊತ್ತು ಅದೇ ಫೋಟೋಕ್ಕೆ ಊದುಬತ್ತಿ ಬೆಳಗಿದ್ದೇನೆ. "ಜಪಾನು ತೋರಿಸಪ್ಪ" ಎಂದು ಕೂಡ ಬೇಡಿದ್ದೇನೆ. ಹಿಂದೆ ನೇತಾಡುತ್ತಿದ್ದ ಗಂಟನ್ನು ನೋಡಿಲ್ಲ. ಒಂದೇ ಸೀಟಿಗೆ ಎರಡು ಕರ್ಚೀಫು ಹಾಕಿದರೆ ಮೊದಲು ಬಿದ್ದದ್ದಕ್ಕೇ ಸೀಟು. ಈ ಕಾನೂನು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ದೇವರೂ ಆ ಬಿಳೀ ಗ್ಲೌಸಿನ ಡ್ರೈವರಿನ ಹಾಗೆಯೇ. ನಾವು ಏನು ಯೋಚಿಸಿ ಹಾಕಿದೆವೆಂದು ಕೇಳುವುದಿಲ್ಲ. ಸಿಕ್ಕಿದ್ದನ್ನು ಮಡಿಸಿ, ಚೀಟಿ ಅಂಟಿಸಿ, ತಗೋ ತಾಯಿ ನಿನ್ನದು, ಎಂದು ಕೈಗೆ ಕೊಡುತ್ತಾನೆ.

ಅವಳು ಮನೆ ಸೇರುವ ಹೊತ್ತು ಲೆಕ್ಕ ಹಾಕಿ, ದೇವರ ಮನೆಯಲ್ಲೇ ನಿಂತು ಫೋನು ಮಾಡಿದೆ. ಸಮಾಧಾನ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ನಾನೇ ಕಣೇ ಸುಮಿ. ನೀನು ವಾಪಸ್ ಬರ್ಲಿ ಅಂತ ಶ್ರಾವಣದಲ್ಲಿ ಹರಕೆ ಹೊತ್ತಿದ್ದೆ."

ಅವಳು ಮೂಗು ಸೇದುತ್ತಲೇ ನಕ್ಕಳು. "ಲೇ ಅಕ್ಕ, ಶಾಲೆ ಮುಚ್ತಿರೋದು ಮಕ್ಕಳಿಲ್ಲ ಅಂತ. ಇವರಿಗೆ ಮಕ್ಕಳಾಗದೇ ಇರೋದು ಇಪ್ಪತ್ತು ವರ್ಷದಿಂದ. ನಿನ್ ತಿಮ್ಮಪ್ಪ ಅಷ್ಟು ಮುಂಚೇನೇ ಶುರು ಮಾಡ್ಕೊಂಡಿದ್ನ?"

"ನಗಬೇಡ್ವೇ. ಆ ಕಿತ್ತಳೆ ಅಜ್ಜಿ ಆಸ್ಪತ್ರೆಗೆ ಹೆಂಗೆ ಹೋಗ್ತದೆ ಇನ್ಮೇಲೆ? ಆ ಪಾಪಾನೂ ನಂಗೇ."

"ಫೋನ್ ಮಾಡಿದ್ರೆ ಮನೆ ಬಾಗಿಲಿಗೆ ವ್ಯಾನ್ ಬರ್ತದಂತೆ. ಅಜ್ಜಿಗೆ ಸುಖಾನೇ ಬಿಡು."

ಅಷ್ಟಾದರೂ ಆಯಿತಲ್ಲ ಎಂದು ಫೋಟೋದ ಕಡೆ ಕೈಮುಗಿದೆ. ಅವಳು ಮೆಲ್ಲಗೆ ಕೇಳಿದಳು. "ಯಾಕಕ್ಕ ಹಂಗೆ ಬೇಡ್ಕೊಂಡೆ? ನಾನು ಒಬ್ಳೇ ಇದೀನಿ ಅಂತಾನ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎದುರಿಗೆ ನಂದಾದೀಪ ಉರಿಯುತ್ತಿತ್ತು.

"ಕಿಟಕಿ ಪಕ್ಕ ಯಾವಾಗ್ಲೂ ನೀನೇ ಕೂತ್ಕೊಂಡೆ ಕಣೇ," ಎಂದೆ.

"ವಾಂತಿ ಬರ್ತಿತ್ತಲ್ಲಕ್ಕ."

"ಈಗ ಬರಲ್ವಲ್ಲ."

ಅಲ್ಲಿ ಯಾವುದೋ ಕೆಟಲು ಸಿಳ್ಳೆ ಹೊಡೆದು ತಾನಾಗಿಯೇ ನಿಂತಿತು.

"ಯುಗಾದಿಗೆ ಬಂದಿರ್ತೀನಿ," ಎಂದಳು ಕೊನೆಗೆ. "ಅರಸೀಕೆರೆಯಿಂದ ಬೇಲೂರ್‌ವರೆಗೂ ಬಸ್ಸಲ್ಲಿ ಹೋಗೋಣ, ಭಾವನ ಗಾಡಿ ಬೇಡ. ಕರ್ಚೀಫು ನಾನ್ ಹಾಕ್ತೀನಿ. ಕಿಟಕಿ ನಿಂದು. ನಂಗೆ ಸಾಕಾಗ್ಹೋಗಿದೆ ಕಣೇ, ಎಷ್ಟೂಂತ ನೋಡ್ಲಿ."

ಮಧ್ಯಾಹ್ನದ ಊಟಕ್ಕೆ ಬಂದ ಯಜಮಾನರಿಗೆ ವಿಷಯ ಹೇಳಿ, ಶನಿವಾರ ಮಾಲೇಕಲ್ಲಿಗೆ ಹರಕೆ ತೀರಿಸಲು ಹೋಗಬೇಕು, ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. "ಇಲ್ಲೇ ಇರೋ ಮಾಲೇಕಲ್ಲಿಗೆ ಬಸ್ಸಾ? ಕೂತ್ಕೊಳ್ಳೋಷ್ಟರಲ್ಲಿ ಇಳೀಬೇಕು," ಎಂದರು.

"ಕೂತ್ಕೊಳ್ಳೋಷ್ಟಾದ್ರೂ ಸಿಗ್ತದಲ್ಲ," ಎಂದೆ. ಅವರು ನನ್ನ ಮುಖ ನೋಡಿ, ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಪಾಸ್‌ಪೋರ್ಟು ಹತ್ತು ವರ್ಷ ನಡೆಯುತ್ತದಂತೆ. ನೌಕರಿ ಕಳೆದುಕೊಂಡವಳು ಅವಳು; ಆದರೂ ನನಗೆ ಸಮಾಧಾನ ಹೇಳಿದವಳು ಅವಳೇ. ಕಿಟಕಿ ಕೊಟ್ಟಳಲ್ಲ, ಇನ್ನಾದರೂ ತಣ್ಣಗಾಗು ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ. ನಾನು ಕಿಟಕಿಯನ್ನು ಬಿಟ್ಟುಕೊಟ್ಟದ್ದು ಅವ್ವ ಹೇಳಿದರೆಂದು. ಅವಳು ಬಿಟ್ಟುಕೊಡುತ್ತಿರುವುದು ಕಣ್ತುಂಬ ನೋಡಿ ಮುಗಿಸಿ. "ಸಾಕಾಗಿದೆ, ತಗೋ" ಎನ್ನುವಷ್ಟು ನೋಡಿದ್ದಾಳಲ್ಲ, ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ಮಾತಿನ ಮೇಲೆ. ತಿಮ್ಮಪ್ಪನಿಗೆ ಇದನ್ನೂ ಹೇಳಬೇಕು, ಆದರೆ ಈ ಸಲ ಏನೂ ಕಟ್ಟದೆ.

ಅಷ್ಟರಲ್ಲಿ ಅತ್ತೆ ಹಿತ್ತಿಲಿಂದ ಕೂಗಿದರು, ಬೇಳೆಯೆಲ್ಲ ಹಿದುಕಿ ಆಯಿತು, ಸಾರಿನ ಖಾರಕ್ಕೆ ಕಾಯಿ ಇನ್ನೂ ತುರಿದಿಲ್ಲವೆಂದು. ತುರಿಮಣೆಯನ್ನು ಎಳೆದು, ಗೋಡೆಯ ಕಡೆಯಿಂದ ತಿರುಗಿಸಿ, ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಹಾಕಿಕೊಂಡು ಕೂತೆ.